ಒಂಬತ್ತೂವರೆಯ ಗರಗರ

ಬುತ್ತಿಯ ಡಬ್ಬಿಯಲ್ಲಿ ಕೂರಿಸಿದ್ದೇನೆ ಅದನ್ನು:
ಅಂಗೈಯಷ್ಟು ಹಸಿರು ಬೋರ್ಡು, ಎಂಟು ಕಾಲಿನ ಕರಿ ಐಸಿ,
ಸಂತೆಪೇಟೆಯ ಗುಜರಿಯಲ್ಲಿ ಸಿಕ್ಕ ವಾಲ್ಯೂಮಿನ ತಿರುಪು,
ಗೋಡೆಯ ಕರೆಂಟಿಗೆ ಒಂದು ಅಡಾಪ್ಟರು.
ಮುಚ್ಚಳ ತೆಗೆದರೆ ಈಗಲೂ
ಮಾವಿನಮಿಡಿಯ ವಾಸನೆ.

ಹೆಡ್‌ಫೋನ್ ಏರಿಸಿ ಕ್ಯಾಸೆಟ್ ಒತ್ತಿದೆ.
ದುದ್ದದ ಹಾರ್ಮೋನಿಯಂ ಮೇಷ್ಟ್ರು ಪುಟ್ಟಶಾಮಯ್ಯನವರ ಬೆರಳು
ಷಡ್ಜ ಮುಟ್ಟುವ ಮೊದಲೇ
ಎರಡೂ ಕಿವಿಯಲ್ಲಿ ಗರಗರ,
ಕಾದ ಎಣ್ಣೆಗೆ ಬಿದ್ದ ಸಾಸಿವೆ.

ಹಾಸನ ಡಿಪೋದಲ್ಲಿ ಮೂವತ್ತು ಬಸ್ಸಿನ ನರ ಬಲ್ಲವನು ನಾನು.
ಹಾರನ್ ಒತ್ತಿದರೆ ವೈಪರ್ ಓಡುತ್ತಿದ್ದ
ಬೇಲೂರು ಗಾಡಿಯ ಹುಚ್ಚು ಬಿಡಿಸಿದವನು.
ಇದೇನು ಮಹಾ, ಅಂದುಕೊಂಡೆ.

ಮೊದಲ ಅನುಮಾನ ತಿರುಪಿನ ಮೇಲೆ.
ತಿರುಗಿಸಿದಾಗಷ್ಟೇ ಕೆರೆದರೆ ಅದರದೇ ತಪ್ಪು.
ಮುಟ್ಟದೆ ಕೂತೆ. ಕೆರೆಯಿತು.
ಕ್ಯಾಸೆಟ್ಟಿನ ತಂತಿ ಕಿತ್ತೆ. ಕೆರೆಯಿತು.
ಡಬ್ಬಿಗೆ ಬೆರಳು ತಾಕಿಸಿದೆ,
ಅಡಿಯಲ್ಲಿದ್ದ ಗುಂಯ್ ತಗ್ಗಿತು, ಗರಗರ ತಗ್ಗಲಿಲ್ಲ.
ಅಂದರೆ ಕಾಯಿಲೆ ಎರಡು. ಒಂದೇ ಜ್ವರವೆಂದು
ವಾರವಿಡೀ ಕಷಾಯ ಕುಡಿಸಿದ್ದೆ.

ಅಲ್ಯೂಮಿನಿಯಂ ಸೀಸ ಹಿಡಿಯುವುದಿಲ್ಲ.
ಜಿಡ್ಡು ಉಜ್ಜಿ, ತೂತು ಕೊರೆದು, ಬೋಲ್ಟು ಬಿಗಿದು
ದಿಕ್ಕಿಗೊಂದಾಗಿದ್ದ ಗ್ರೌಂಡಿನ ತಂತಿಗಳನ್ನೆಲ್ಲ
ಒಂದೇ ಗೂಟಕ್ಕೆ ಕಟ್ಟಿದೆ, ದನ ಕಟ್ಟುವ ಹಾಗೆ.
ಗುಂಯ್ ಹೋಯಿತು.

ಉಳಿದದ್ದಕ್ಕೆ ಒಂದು ನೋಟ್‌ಬುಕ್ಕು, ಡಿಪೋದ ರೀತಿಯಲ್ಲೇ:
ದೋಷ, ಬಿಟ್ಟು ಬಿಟ್ಟು. ಶುರು, ಒಂಬತ್ತೂವರೆ.
ಕೊನೆ, ಹನ್ನೊಂದು ದಾಟಿ. ಕಾರಣ,
ಕಾರಣದ ಮುಂದೆ ಹದಿನೇಳು ದಿನ ಖಾಲಿ.

ಎರಡು ಬ್ಯಾಟರಿಗೆ ರಬ್ಬರ್‌ಬ್ಯಾಂಡ್ ಸುತ್ತಿ
ಗೋಡೆಯಿಂದ ಅದನ್ನು ಬಿಡಿಸಿದ ರಾತ್ರಿ
ಎಡಗಡೆ ಎಲ್ಲೋ ಒಂದು ಚಟ್ ಬಿಟ್ಟರೆ
ಪೂರ್ತಿ ಮೌನ.
ಹಾಗಾದರೆ ಡಬ್ಬಿಯದಲ್ಲ, ಗೋಡೆಯದು.
ಗೋಡೆಯ ತಂತಿ ಹಿಡಿದು ಮೀಟರ್ ಬೋರ್ಡಿಗೆ ಇಳಿದೆ,
ಮೀಟರ್ ಬೋರ್ಡಿನಿಂದ ಕೆಳಮನೆಗೆ.

ನಸೀಮ್‌ಬಾನು ಹೊಲಿಗೆಯಂತ್ರಕ್ಕೆ
ಮೋಟರ್ ಹಾಕಿಸಿ ತಿಂಗಳಾಗಿಲ್ಲ.
ಮೊಣಕಾಲು ನೋವಂತೆ, ತುಳಿಯಲಾಗದಂತೆ.
ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡೆ.
ಉದ್ದದ ಗರ್ರ್, ಲಂಗದ ಅಂಚು.
ಗರ್ ಗರ್ ಎಂದು ತುಂಡುತುಂಡು, ರವಿಕೆಯ ಕಂಕುಳು.
ನಡುವೆ ಮೌನವೆಂದರೆ ದಾರ ಕಡಿದದ್ದು,
ಇಲ್ಲವೇ ಕನ್ನಡಕ ಹುಡುಕುತ್ತಿರುವುದು.
ಗೊತ್ತಿಲ್ಲದೆ ಕೇಳಿದ್ದೇನೆ, ಪೆನ್ಷನ್ ಮೊಹಲ್ಲಾದ
ಯಾರುಯಾರದೋ ಮದುವೆಯ ಬಟ್ಟೆ.

ನಿಮ್ಮ ದುಡಿಮೆ ನನ್ನ ಹಾರ್ಮೋನಿಯಂಗೆ ಅಡ್ಡ
ಎಂದು ಯಾವ ಬಾಯಲ್ಲಿ ಹೇಳಲಿ?
'ಮೋಟರಿನ ಬ್ರಷ್ ಸವೆದಿರಬೇಕು' ಎಂದೆ.
'ನಿಮಗೆ ಹೆಂಗೆ ಗೊತ್ತಾಯ್ತು?'
'ಕೇಳಿಸ್ತು.'
'ಮೇಲಕ್ಕಾ? ನಿಮಗೆ ತೊಂದರೆ ಆಗಬಾರದು ಅಂತ
ಬಾಗಿಲು ಹಾಕಿಕೊಂಡೇ ಹೊಲೀತೀನಲ್ಲ.'

ಲೈಟ್ ಆರಿಸಿ ಪೆಡಲ್ ಒತ್ತಲು ಹೇಳಿದೆ.
ಮೋಟರಿನ ಕಿಂಡಿಯಲ್ಲಿ ಚಿಟಚಿಟ ಸಿಡಿಯಿತು
ನೀಲಿ ಸಾಸಿವೆ.
ಇಬ್ಬರೂ ಬಗ್ಗಿ ನೋಡಿದೆವು,
ಅವರು ಇನ್ನೊಮ್ಮೆ ಒತ್ತಿದರು, ನೋಡುವುದಕ್ಕೆಂದೇ.

ಒಂದು ಜೊತೆ ಹೊಸ ಬ್ರಷ್,
ಹುಣಸೆಬೀಜದ ಬಣ್ಣದ, ಅಷ್ಟೇ ದಪ್ಪದ ಕೆಪಾಸಿಟರ್.
ದುಡ್ಡು ಬೇಡವೆಂದೆ. ಕೇಳಲಿಲ್ಲ,
ನನ್ನ ಖಾಕಿ ಅಂಗಿಯ ಹರಿದ ಜೇಬಿಗೆ
ಎರಡು ಸಾಲು ಹೊಲಿಗೆ ಹಾಕಿಯೇ ಕಳಿಸಿದರು.

ಈಗ ಮೇಷ್ಟ್ರು ನುಡಿಸುವ ಮೊದಲು
ತಿದಿ ಉಸಿರೆಳೆದುಕೊಳ್ಳುವುದು ಕೇಳುತ್ತದೆ,
ಹಿಂದೆ ಯಾರೋ ಚಾಪೆ ಸರಿಸುವುದು,
ಒಂದು ಕೆಮ್ಮು.
ಕೆಳಗೆ ಯಂತ್ರ ಓಡುತ್ತಿದೆಯೋ ಇಲ್ಲವೋ
ಇಲ್ಲಿಂದ ತಿಳಿಯುವುದಿಲ್ಲ.

ಎಡಗಡೆಯ ಆ ಚಟ್ ಮಾತ್ರ ಇನ್ನೂ ಇದೆ.
ಅದು ನನ್ನದೇ ಬೆಸುಗೆ,
ಆರುವ ಮೊದಲೇ ಅಲುಗಿಸಿದ್ದು.
ಭಾನುವಾರ ನೋಡಿದರಾಯಿತು.