ಅರ್ಧ ಸುತ್ತು ಹಿಂದಕ್ಕ

ಚಾಕಣ ದಾಟಿ ಆರು ಮೈಲಿ, ಬಾಡಿಗಿ ಟ್ರ್ಯಾಕು.
ಮುಂಜಾನಿ ಏಳಕ್ಕ ಡಾಂಬರು ಇನ್ನೂ ತಣ್ಣಗ.
ಪೆಡಲಿನ ಬುಡಕ್ಕ ತಲಿ ತೂರಿಸಿ, ಕಾಲು ಬಾಗಿಲಾಚೆ ಚಾಚಿ
ಅಂಗಾತ ಮಲಗೀನಿ, ಬಾಯಾಗ ಟಾರ್ಚು.

ಇಲ್ಲೊಂದು ಅಡ್ಡ ಕಡ್ಡಿ ಐತಿ, ಗೇಣಿಗಿಂತ ಸಣ್ಣದು,
ತಕ್ಕಡಿ ದಂಡಿಗಿ ಇದ್ದಂಗ.
ಒಂದು ತುದಿಗೆ ಮುಂದಿನ ಸಿಲಿಂಡರು, ಇನ್ನೊಂದಕ್ಕ ಹಿಂದಿನದು.
ನಡುವಿನ ಗುಂಡು ಯಾ ಕಡೆ ಸರೀತದೋ
ಆ ಕಡೆ ಹಿಡಿತ ಹೆಚ್ಚು.
ಒತ್ತೂದು ಒಂದ ಕಾಲು,
ಪಾಲು ಹಂಚೂದು ಈ ಕಡ್ಡಿ.
ಸೊಲ್ಲಾಪುರದ ಕಾಳಿನ ಪ್ಯಾಟ್ಯಾಗ ನಮ್ಮಪ್ಪ ಹಿಡೀತಿದ್ದ ತಕ್ಕಡಿಗೆ
ಇಷ್ಟು ನಿಯತ್ತು ಇರಲಿಲ್ಲ.

ನಟ್ಟಿನ ಮ್ಯಾಲ ಕೆಂಪು ಗುರುತು. ನೇಲ್‌ಪಾಲಿಶ್.
ಅಲುಗಬಾರದಂತ ಹದಿನಾಲ್ಕು ವರ್ಷದ ಕೆಳಗ
ಕೇಕೋಬಾದ್ ಸೇಠರು ಹಚ್ಚಿದ್ದು,
ಹೆಂಡತಿ ಶೀಶೆದಾಗಿಂದ, ಹೇಳದ ಕೇಳದ.
ಈಗ ಅವರು ದೊಡ್ಡ ಛತ್ರಿ ಕೆಳಗ ಕುರ್ಚಿಯೊಳಗ,
ಹೊಸ ಮಂಡಿ ನೆಟ್ಟಗ ಚಾಚಿ, ಕೈಯಾಗ ಸ್ಟಾಪ್‌ವಾಚು.
‘ಗುರುಪಾದ, ಅದು ಕೂತಲ್ಲೇ ಕೂತಿರಲಿ’ ಅಂದ್ರು.
ಹತ್ತು ನಿಮಿಷದಾಗ ಮೂರನೇ ಸಲ.

ಅವರದು ತೊಂಬತ್ತೆರಡು ಕಿಲೋ.
ಬ್ರೇಕು ಒತ್ತತಿರಲಿಲ್ಲ, ಒದೀತಿದ್ರು.
ಮೂಗು ನೆಲಕ್ಕ ತಿಕ್ಕೂ ಹಂಗ ಗಾಡಿ ಬಾಗಿ
ಭಾರೆಲ್ಲ ಮುಂದ; ಹಿಂದಿನ ಗಾಲಿ ಎರಡು
ಮದವಿಗೆ ಬಂದ ದೂರದ ನೆಂಟರಂಗ.
ಆ ಕಾಲಿಗೆ ಆ ಲೆಕ್ಕ ಸರಿ ಇತ್ತು.

ಫ್ರೇನಿಬಾಯಿ ಕ್ಯಾಂಪಿನಾಗ ಪಿಯಾನೋ ಕಲಸ್ತಾರ.
ಪೆಡಲಿನ ಅರ್ಧ, ಅರ್ಧದ ಅರ್ಧ ಗೊತ್ತಿದ್ದ ಕಾಲು.
ಅದಕ್ಕ ಅಷ್ಟು ಭಾರ ಮುಂದ ಬರೂದಿಲ್ಲ,
ಹಿಂದಿನ ಗಾಲಿಗೂ ನೆಲ ಸಿಗತದ,
ಕೆಲಸ ಮಾತ್ರ ಸಿಗವಲ್ದು.
ನಾಕು ಸುತ್ತು ಹೊಡದು ಬಂದ ಕೂಡ್ಲೆ ಗನ್ ಹಿಡಿದೆ:
ಮುಂದಿನ ಡಿಸ್ಕು ನಾನೂರಾ ಹತ್ತು,
ಹಿಂದಿನದು ನೂರಾ ಮೂವತ್ತು.
ಅದರ ಮ್ಯಾಲ ಒಂದು ರೊಟ್ಟಿ ಸುಡಾಕ ಬರೂದಿಲ್ಲ.

ಥಿನ್ನರಿನಾಗ ಅರಿವಿ ಅದ್ದಿ ಒರಸಿದೆ.
ಕೆಂಪು ಬೆರಳಿಗೆ ಬಂತು.
ಅರ್ಧ ಸುತ್ತು, ಹಿಂದಕ್ಕ.

ನಮ್ಮ ಮಾತಿನಾಗ ಹಿಂದ ಅಂದ್ರ ಆಗಿಹೋದದ್ದು,
ಮುಂದ ಅಂದ್ರ ಆಗಬೇಕಾದ್ದು.
ಗಾಡಿಗೆ ಈ ವ್ಯಾಕರಣ ಯಾರೂ ಕಲಿಸಿಲ್ಲ:
ಅದಕ್ಕ ಎರಡೂ ಈಗಲೇ, ಇದೇ ಡಾಂಬರಿನ ಮ್ಯಾಲ,
ಎಂಟಡಿ ಅಂತರದಾಗ.

ನೂರು ಮೀಟರಿನ ಫಲಕದ ಹತ್ರ
ಹುಲ್ಲಿನಾಗ ಹೊಟ್ಟಿ ಹಚ್ಚಿ ಮಲಗಿದೆ.
ಯಾವ ಗಾಲಿ ಮೊದಲು ನಿಲ್ಲತದ, ಅಷ್ಟ ನೋಡೂದು.
ಮುಂದಿನದು ಎಳ್ಳಷ್ಟು ಮೊದಲು ನಿಂತ್ರ ಸುಖ,
ಗಾಡಿ ನೆಟ್ಟಗರೆ ಜಾರತದ.
ಹಿಂದಿನದು ನಿಂತ್ರ, ಬಾಲ ತಲಿಯ ಮಾತು ಕೇಳೂದಿಲ್ಲ.

ಬಂದ್ರು. ಒತ್ತಿದ್ರು. ಚೊಲೋ.
ಕಿಟಕ್ಯಾಗಿಂದ ಬೆರಳು ಬಂತು: ಇನ್ನೂ ಅರ್ಧ.
ಬ್ಯಾಡ ಅನಬೇಕಿತ್ತು. ಅನಲಿಲ್ಲ.

ಎರಡನೇ ಸಲ ಹಿಂದಿನ ಎಡಗಾಲಿ ಗಪ್ಪನ ನಿಂತದ್ದು ಕಂಡೆ,
ಹೊಗಿ ಇನ್ನೂ ಎದ್ದಿರಲಿಲ್ಲ.
ಆಮ್ಯಾಲ ಬೋನೆಟ್ಟು, ಬಾಲ, ಬೋನೆಟ್ಟು.
ಹುಲ್ಲು, ಧೂಳು.
ಒಂದು ಟಿಟ್ಟಿಭ ಕೂಗಕೋತ ಹೋತು.

ಹೊಳ್ಳಿ ನೋಡ್ತೀನಿ, ಸೇಠರು ನಿಂತಾರ.
ಕೋಲು ಕುರ್ಚಿಗೇ ಆನಿಸಿದ್ದು ಹಂಗ ಐತಿ.

ಹೆಲ್ಮೆಟ್ಟು ತಗದು ಫ್ರೇನಿಬಾಯಿ,
ಕಿವಿ ಮ್ಯಾಲಿನ ಬಿಳಿಗೂದಲ ಸರಿಸಿಗೋತ ಅಂದ್ರು:
‘ಪಾವು ಸುತ್ತು ತಿರುಗಿ ಕೊಡು.
ಬಾಕಿ ನಂದು.’

ಆಮ್ಯಾಲಿನ ಸುತ್ತಿಗೆ ಎಷ್ಟು ಸೆಕೆಂಡು, ಯಾರಿಗೂ ಗೊತ್ತಿಲ್ಲ.
ಸೇಠರು ಗುಂಡಿ ಒತ್ತಲಿಕ್ಕೆ ಮರತಿದ್ರು.
ನಟ್ಟಿಗೆ ಹೊಸ ಗುರುತು ಬಿತ್ತು, ಬದಾಮಿ ಬಣ್ಣ,
ಈ ಸಲ ಶೀಶೆ ತಾವ ಕೊಟ್ರು.

ಸಂಜಿಗೆ ಭೋಸರಿಗೆ ಹೊಂಟಾಗ ನೆನಪಾತು:
ನನ್ನ ಸ್ಕೂಟರಿಗೆ ಮುಂದಿನ ಬ್ರೇಕ್ ಇಲ್ಲ,
ಕೇಬಲ್ ಹರದು ಎರಡು ತಿಂಗಳಾತು.
ಹಿಂದಿಂದು ಒಂದ ನಂಬಕೊಂಡು
ಲಾರಿಗಳ ಸಂದಿಗೆ ಇಳಿದೆ,
ಹಿಂದು ಮುಂದು ನೋಡಕೋತ.