ಮದ್ದಿನ ಲೆಕ್ಕ

ಬೇಕಲದ ಕೋಟೆಗೆ ಮೂರು ಸಾಲು ಕಿಂಡಿ.
ಮೇಲಿನದು ದೂರದ ಹಡಗಿಗೆ,
ನಡುವಿನದು ತೆರೆ ದಾಟಿದ ದೋಣಿಗೆ,
ಕೆಳಗಿನದು
ಕಾಲಬುಡಕ್ಕೇ ಬಂದವನ ಮುಖಕ್ಕೆ.

ನಮ್ಮ ದುಗ್ಗಪ್ಪಜ್ಜ ತೋಪು ಹಾರಿಸಿದವನಲ್ಲ,
ಮದ್ದು ಒಣಗಿಸಿದವ.
ಆಟಿಯಲ್ಲಿ ಒಂದು ಬಿಸಿಲು ಬಿದ್ದರೆ ಸಾಕು,
ಚಾಪೆ ಹಾಸಿ, ಹಪ್ಪಳದ ಹಾಗೆ ಹರಡಿ,
ಕಾಗೆಯೂ ಮುಟ್ಟದ್ದನ್ನು
ಸಂಜೆತನಕ ಕಾದು ಕೂತವ.

ಅವನ ಕಡತ ನನ್ನಲ್ಲಿದೆ. ಮೋಡಿಯ ಕೈಬರಹ:
“ಗುಂಡು ಇನ್ನೂರ ಹನ್ನೊಂದು.
ಹಗೆಗೆ ಹಾರಿಸಿದ್ದು ಸೊನ್ನೆ, ದೊರೆಯ ಸಲಾಮಿಗೆ ಏಳು.
ಒದ್ದೆ ಮದ್ದು ಎರಡು ಪೀಪಾಯಿ.
ಇಲಿ ಕಡಿದ ಚೀಲ ಒಂದು.”
ಕೆಳಗೆ ಕುಂಪಣಿಯವರ ಕೆಂಪು ಶಾಯಿ:
ಇಲಿಯ ಮೇಲೆ ಏನು ಕ್ರಮ ಕೈಗೊಂಡಿರಿ?

ಹಗೆಯ ಹಡಗು ಬರಲೇ ಇಲ್ಲ.
ಬಂದದ್ದು ಅಕ್ಕಿಯ ಮಂಜಿ,
ಅದರ ಬೆನ್ನಿಗೇ ವಾಂತಿಭೇದಿ.
ಮಗಳು ಚೆನ್ನು ಮಲಗಿದ ರಾತ್ರಿ
ಹೆಂಡತಿ ಕೋಟೆಬಾಗಿಲಿಗೆ ಓಡಿಬಂದು
ಕೂಗಿದಳಂತೆ: “ಮದ್ದು ಉಂಟಾ?”

ಬೀಗದ ಕೈ ಅವನ ಸೊಂಟದಲ್ಲೇ ಇತ್ತು.
ಮನೆ ತುಂಬ ಇತ್ತು ಮದ್ದು.

ಮರುದಿನದ ಪುಟ:
“ಒಣಗಿದ್ದು ಮೂವತ್ತು ಪೀಪಾಯಿ. ಒದ್ದೆ ಎರಡು.
ಕಡಿಮೆ ಬಿದ್ದದ್ದು”
ಅಲ್ಲಿ ಒಂದು ಹೆಸರು ಬರೆದು
ಹೊಡೆದು ಹಾಕಿದೆ.

ನಿನ್ನೆ ಟಿಕೇಟು ಕೊಂಡು ಒಳಗೆ ಹೋದೆ.
ಕಬ್ಬಿಣದ ಬಾಗಿಲು, ತುಕ್ಕು ಬೀಗ.
ಇದೇನೆಂದರೆ, ಕಾವಲಿನವ
ಊಟದ ಡಬ್ಬಿ ಮುಚ್ಚುತ್ತ ಮಲಯಾಳದಲ್ಲಿ ಹೇಳಿದ:
“ಮರುನ್ನರ.”

ಆ ಭಾಷೆಯಲ್ಲೂ
ಎರಡಕ್ಕೂ ಒಂದೇ ಮಾತು.