ಮುಗುಡು

ಉದ್ಯಾವರದ ಮೀನುಕಟ್ಟೆಯಲ್ಲಿ
ಬಂಗುಡೆ ಬೂತಾಯಿ ಐಸಿನಡಿ ಕಣ್ಣು ಬಿಟ್ಟು ಮಲಗಿವೆ.
ತಾಜಾ ಉಂಟಾ ಎಂದು ಎಲ್ಲರೂ ಕಿವಿರು ಎತ್ತುವವರೇ.
ರುಕ್ಕು ಮರಕಾಲ್ತಿಯ ಬಕೆಟ್ಟನ್ನು ಮಾತ್ರ
ಯಾರೂ ಹಾಗೆ ಕೇಳುವುದಿಲ್ಲ.
ನೀರಿಲ್ಲದ ತಳದಲ್ಲಿ ಏಳು ಮುಗುಡು
ಬೆಳಗಿನಿಂದ ಉಸಿರಾಡುತ್ತಿವೆ
ಮೀಸೆ ಆಡಿಸಿಕೊಂಡು,
ರೇಷನ್ ಸಾಲಿನಲ್ಲಿ ನಿಂತು ಬೇಸತ್ತವರ ಹಾಗೆ.

ದಮ್ಮಿಗೆ ಒಳ್ಳೆಯದು ಎಂದಿದ್ದಳು ಅತ್ತೆ.
ಕಿಸೆಯಲ್ಲಿ ಪಂಪು ಇಟ್ಟುಕೊಂಡು
ಹತ್ತು ಹೆಜ್ಜೆಗೊಮ್ಮೆ ನಿಲ್ಲುವ ನಾನು ಬಗ್ಗಿ ನೋಡಿದೆ.

ಕೊಯ್ದಿಟ್ಟ ಒಂದರ ತಲೆ ಬಿಡಿಸಿದಳು ರುಕ್ಕು.
ಒಳಗೊಂದು ಗಿಡ!
ಕೆಂಪು. ಎಲೆಯಿಲ್ಲ, ಬರೀ ಕೊಂಬೆ,
ಹೂಕೋಸಿನ ಚೂರಿನಷ್ಟು.
"ಇದರಲ್ಲಿ ಗಾಳಿ ಇಡುವುದು ಅದು,
ಡಬ್ಬಿಯಲ್ಲಿ ಚಿಲ್ಲರೆ ಇಟ್ಟ ಹಾಗೆ."

ನನ್ನ ಎಕ್ಸ್‌ರೇಯಲ್ಲೂ ಇಂಥದೇ ಗಿಡ ಉಂಟು.
ಅದು ಬೂದಿ ಬಣ್ಣ.

ಇವುಗಳ ಹಿರಿಯರು ಎಷ್ಟೋ ಮಂದಿ ಕಲ್ಲಾದರಂತೆ
ಯಾವುದೋ ದೇಶದ ಬತ್ತಿದ ಕೆಸರಿನಲ್ಲಿ,
ತಲೆಬುರುಡೆಯಷ್ಟೇ ಉಳಿಸಿ.
ಕಲ್ಲಿನಲ್ಲಿ ಗಿಡ ಉಳಿಯುವುದಿಲ್ಲ;
ಗಾಳಿ ಇಟ್ಟ ಜಾಗ ಉಳಿಯುತ್ತದೆ.

ಅಷ್ಟರಲ್ಲಿ ಒಂದು ಬಕೆಟ್ಟು ದಾಟಿತು.
ಮಳೆ ನಿಂತ ಸಿಮೆಂಟಿನ ಮೇಲೆ
ಮುಳ್ಳು ಊರಿ, ಮೈ ಹೊರಳಿಸಿ
ತೋಡಿನ ಕಡೆಗೆ.
"ಹಿಡಿಯಿರಿ ಮಾರಾಯ್ರೆ, ನೂರೈವತ್ತರ ಮೀನು!"

ಹಿಂದೆಯೇ ಹೋದೆ. ಎಂಟು ಹೆಜ್ಜೆ. ನಿಂತೆ.
ಅದೂ ನಿಂತಿತು,
ಬಾಯಿ ತೆರೆದು ಒಂದು ಗುಟುಕು ಗಾಳಿ ಕುಡಿಯಿತು.
ನಾನು ಪಂಪು ಒತ್ತಿದೆ.

ನೂರೈವತ್ತು ಎಣಿಸಿ ರುಕ್ಕುವಿನ ಕೈಗಿಟ್ಟೆ.
"ಮತ್ತೆ ಮೀನು?"
ತೋಡಿಗೆ ಇನ್ನೂ ನಾಲ್ಕು ಮಾರು ಉಂಟು.